ಗಣಕ ಬದಲಾದಾಗ ಕನ್ನಡ ಪಠ್ಯ: ದೋಷಸೂಚನೆಯನ್ನು ಮುಚ್ಚಿಡುವುದು ಸಲ್ಲದು

ಪದಗಳನ್ನು ಅಕಾರಾದಿಯಾಗಿ ಜೋಡಿಸಲು, ಅವುಗಳ ಆವರ್ತನವನ್ನು ಎಣಿಸಲು ಸಂಶೋಧಕರು ಚಿಕ್ಕಪುಟ್ಟ ಕ್ರಮವಿಧಿಗಳನ್ನು ತಾವೇ ಬರೆದುಕೊಳ್ಳುವುದು ಇಂದು ಅಪರೂಪವಲ್ಲ. ಆದರೆ ಒಂದು ಗಣಕದಲ್ಲಿ ಸುಗಮವಾಗಿ ನಡೆದ ಕ್ರಮವಿಧಿ ಇನ್ನೊಂದರಲ್ಲಿ ಅರ್ಧಕ್ಕೇ ನಿಲ್ಲುವುದುಂಟು. ಇದನ್ನು ತಂತ್ರಜ್ಞರ ತೊಂದರೆಯೆಂದಷ್ಟೇ ಬಗೆಯುವುದು ಸರಿಯಲ್ಲ. ಮೂಲತಃ ಇದು ಪಠ್ಯಶುದ್ಧಿಯ ಪ್ರಶ್ನೆ.

ಘಟಪ್ರಭೆಯ ಒಡ್ಡಿನಿಂದ ಹೆಸರಾದ ಧುಪದಾಳವನ್ನೂ ಒಳಗೊಂಡಂತೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸ್ಥಳನಾಮಗಳ ಪಟ್ಟಿಯೊಂದನ್ನು ಉದಾಹರಣೆಯಾಗಿ ಪರಿಶೀಲಿಸಬಹುದು. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು. ಪೈಥಾನ್ ಭಾಷೆಯ ಕ್ರಮವಿಧಿಯಲ್ಲಿ ಕಡತದ ಸಂಕೇತಪದ್ಧತಿಯನ್ನು ಹೇಳದೆ ಬಿಟ್ಟರೂ ಲಿನಕ್ಸ್ ಗಣಕದಲ್ಲಿ ಸಾಮಾನ್ಯವಾಗಿ ಯುಟಿಎಫ್-8 ಎಂದೇ ಗ್ರಹಿಸಲಾಗುತ್ತದೆ. ಅದೇ ಕ್ರಮವಿಧಿಯನ್ನು ವಿಂಡೋಸಿಗೆ ಒಯ್ದರೆ, ಪೈಥಾನ್ 3ರ ಬಹುಪಾಲು ಆವೃತ್ತಿಗಳು ಆ ಗಣಕದ ಸ್ಥಳೀಯ ಪದ್ಧತಿಯನ್ನು ಹಿಡಿಯುತ್ತವೆ. ಅನೇಕ ವೇಳೆ ಅದು ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ರೂಪುಗೊಂಡ 1252ನೆಯ ಸಂಕೇತಪುಟವಾಗಿರುತ್ತದೆ. ಆ ಪುಟದಲ್ಲಿ 5 ಸ್ಥಾನಗಳು ಖಾಲಿ; 129 ಮತ್ತು 141 ಅವುಗಳಲ್ಲಿ ಸೇರಿವೆ. ಕನ್ನಡದ ಉಕಾರ ಚಿಹ್ನೆಯ ಕೊನೆಯ ಬೈಟು 129, ಹಲಂತ ಚಿಹ್ನೆಯದು 141. ಹೀಗಾಗಿ 'ಧುಪದಾಳ' ಎಂಬ ಹೆಸರಿನ ಮೊದಲ ಅಕ್ಷರದಲ್ಲೇ ಕ್ರಮವಿಧಿ ನಿಂತುಬಿಡುತ್ತದೆ. 'ಗೋಕಾಕ' ಮಾತ್ರ ತಡೆಯಿಲ್ಲದೆ ದಾಟುತ್ತದೆ. ಆದರೆ ಅದರ 5 ಸಂಕೇತಗಳು 15 ಅನ್ಯ ಚಿಹ್ನೆಗಳಾಗಿ ಮಾರ್ಪಟ್ಟಿರುತ್ತವೆ.

ಇಲ್ಲಿ ಹೆಚ್ಚು ಅಪಾಯಕಾರಿಯಾದುದು ನಿಂತ ಕ್ರಮವಿಧಿಯಲ್ಲ, ಅದನ್ನು ಹೇಗಾದರೂ ಮುಂದೆ ನಡೆಸುವ ಆತುರ. ದೋಷಗಳನ್ನು ಕಡೆಗಣಿಸುವಂತೆ ಆದೇಶಿಸಲು ಪೈಥಾನಿನಲ್ಲಿ ಅವಕಾಶವಿದೆ. ಆಗ ಓದಲಾಗದ ಬೈಟುಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಉಕಾರ ಮತ್ತು ಹಲಂತಗಳ ಮೊದಲೆರಡು ಬೈಟುಗಳು ಒಂದೇ ಆಗಿದ್ದು, ಮೂರನೆಯದು ಬಿದ್ದುಹೋದ ಮೇಲೆ ಇವೆರಡರ ನಡುವೆ ಭೇದವೇ ಉಳಿಯುವುದಿಲ್ಲ. ಪರಿಣಾಮವಾಗಿ ಹಳಗನ್ನಡದ 'ಕಾಲ್', ಹೊಸಗನ್ನಡದ 'ಕಾಲು' ಎರಡೂ ಒಂದೇ ರೂಪವಾಗಿ ಎಣಿಕೆಗೆ ಬರುತ್ತವೆ. ವ್ಯಂಜನಾಂತ ಪದಗಳು ಸ್ವರಾಂತವಾದ ಬಗೆಯನ್ನು ಅರಸುವ ಅಧ್ಯಯನಕ್ಕೆ ಇದಕ್ಕಿಂತ ದೊಡ್ಡ ಹಾನಿ ಬೇರೊಂದಿಲ್ಲ. ಫಲಿತಾಂಶದ ಕೋಷ್ಟಕವನ್ನು ನೋಡಿದವರಿಗೆ ಆ ಹಾನಿಯ ಸುಳಿವೂ ಸಿಗದು.

ಗ್ರಂಥಸಂಪಾದನೆಯಲ್ಲಿ ಓಲೆ ಮುರಿದಿರುವ ಎಡೆಯನ್ನು ಸಂಪಾದಕನು ತ್ರುಟಿತವೆಂದು ಗುರುತಿಸುತ್ತಾನೆಯೇ ಹೊರತು ಅಕ್ಷರಗಳನ್ನು ಒತ್ತಿ ಸೇರಿಸಿ ಸಾಲನ್ನು ಪೂರ್ಣವೆಂದು ತೋರಿಸುವುದಿಲ್ಲ. ಗಣಕಪಠ್ಯಕ್ಕೂ ಇದೇ ಶಿಸ್ತು ಅನ್ವಯವಾಗಬೇಕು. ಕ್ರಮವಿಧಿಯಲ್ಲಿ ಸಂಕೇತಪದ್ಧತಿಯನ್ನು ಸ್ಪಷ್ಟವಾಗಿ ನಮೂದಿಸುವುದು, ಹೊಸ ಗಣಕದಲ್ಲಿ ಉಕಾರ ಹಾಗೂ ಒತ್ತಕ್ಷರಗಳಿರುವ ಚಿಕ್ಕ ಪಟ್ಟಿಯನ್ನು ಮೊದಲು ಓಡಿಸಿ ಎರಡೂ ಕಡೆಯ ಫಲಿತಾಂಶವನ್ನು ಹೋಲಿಸುವುದು, ಬಳಸಿದ ಪದ್ಧತಿಯನ್ನು ಪ್ರಬಂಧದಲ್ಲಿ ದಾಖಲಿಸುವುದು ಇವು ಕನಿಷ್ಠ ಅಗತ್ಯಗಳು. ಮಾರ್ಗದರ್ಶಕರು ಇವನ್ನು ಸಂಶೋಧನ ವಿಧಾನದ ಭಾಗವಾಗಿಯೇ ಕೇಳಬೇಕು. ದೋಷಸೂಚನೆ ಎಂಬುದು ಗಣಕವು ತೋರಿಸುವ ತ್ರುಟಿಚಿಹ್ನೆ. ಅದನ್ನು ಅಳಿಸಿಹಾಕಿ ಪಡೆದ ಅಂಕಿಸಂಖ್ಯೆಗಳ ಮೇಲೆ ಭಾಷಾಚರಿತ್ರೆಯನ್ನು ನಿಲ್ಲಿಸಲಾಗದು.