ಐದು ಗೋಲ್ ಆದ ಮೇಲೆ

ಮೊದಲೇ ಒಪ್ಪಿಕೊಂಡುಬಿಡ್ತೀನಿ. 2022ರ ಅಕ್ಟೋಬರ್ 11ರ ರಾತ್ರಿ ನಾನು ಟೀವಿ ಆಫ್ ಮಾಡಿದೆ.

ಭುವನೇಶ್ವರದ ಕಳಿಂಗ ಸ್ಟೇಡಿಯಂನಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಪಂದ್ಯ. ಭಾರತ, ಅಮೆರಿಕ. ಮಹಿಳಾ ಫುಟ್‌ಬಾಲ್‌ನಲ್ಲಿ ನಮ್ಮ ದೇಶ ಆಡಿದ ಮೊಟ್ಟಮೊದಲ ಫಿಫಾ ವಿಶ್ವಕಪ್ ಪಂದ್ಯ ಅದು. ಆಫೀಸಿಂದ ಬೇಗ ಬಂದು, ಪಿ.ಜಿ.ಯ ಹಾಲ್‌ನಲ್ಲಿ ರಿಮೋಟ್ ಹಿಡಿದು ಕೂತಿದ್ದೆ. ಎಂಟು ಗಂಟೆಗೆ ಶುರು. ಒಂಬತ್ತನೇ ನಿಮಿಷಕ್ಕೆ ಮೊದಲ ಗೋಲ್ ನಮಗೆ ಬಿತ್ತು. ಆಮೇಲೆ 15, 23, 31, 39. ಹೆಚ್ಚೂಕಡಿಮೆ ಎಂಟು ನಿಮಿಷಕ್ಕೊಂದರಂತೆ, ಟೈಮ್‌ಟೇಬಲ್ ಹಾಕಿಕೊಂಡು ಬಂದ ಹಾಗೆ.

"ಇದೇನೇ, ಫುಟ್‌ಬಾಲೋ ಟೆನಿಸ್ಸೋ?" ಅಂದಳು ರೂಮ್‌ಮೇಟ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಫ್‌ಟೈಮ್‌ನಲ್ಲಿ ಟೀವಿ ಆರಿಸಿ ಎಗ್ ರೈಸ್ ತರೋಕೆ ಕೆಳಗೆ ಹೋದೆವು.

ಮಾರನೇ ದಿನ ಬಸ್ಸಲ್ಲಿ ಫೋನ್ ತೆಗೆದರೆ 0-8 ಅಂತಿತ್ತು. ಅಯ್ಯೋ ಅನ್ನಿಸಿತು, ಆದರೆ ಆಶ್ಚರ್ಯ ಆಗಲಿಲ್ಲ. ವರದಿಯ ಕೆಳಗೆ ಗೋಲ್ ಹೊಡೆದವರ ಹೆಸರು, ನಿಮಿಷ ಕೊಟ್ಟಿದ್ದರು. ಎಂಟನೆಯದು 62ನೇ ನಿಮಿಷದಲ್ಲಿ, ಹೊಡೆದವಳು ಮಿಯಾ ಭೂತಾ, ಭಾರತ ಮೂಲದ ಹುಡುಗಿ. ಅಲ್ಲಿಗೆ ಪಟ್ಟಿ ಮುಗಿದಿತ್ತು.

ನಾನು ಮತ್ತೆ ಓದಿದೆ. 62ರ ನಂತರ ಏನೂ ಇಲ್ಲ. ಪಂದ್ಯ 90 ನಿಮಿಷದ್ದು. ಅಂದರೆ ಎಂಟು ಗೋಲ್ ತಿಂದ ಮೇಲೂ ಉಳಿದ ಸುಮಾರು ಅರ್ಧ ಗಂಟೆ ಈ ಹುಡುಗಿಯರು ಅದೇ ಅಮೆರಿಕಕ್ಕೆ ಇನ್ನೊಂದು ಗೋಲ್ ಬಿಟ್ಟುಕೊಟ್ಟಿಲ್ಲ. ಅದನ್ನು ನಾನು ನೋಡಲಿಲ್ಲ. ನಾನು ಎಗ್ ರೈಸ್ ತಿಂತಾ ಇದ್ದೆ.

ಅಮೆರಿಕದವರು ಸ್ವಲ್ಪ ಆಟ ನಿಧಾನ ಮಾಡಿರಬಹುದು, ಇಲ್ಲ ಅನ್ನಲ್ಲ. ಆದರೂ ಆ ಇಪ್ಪತ್ತೆಂಟು ನಿಮಿಷ ನನ್ನ ತಲೆಯಿಂದ ಹೋಗಲೇ ಇಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಆವತ್ತಿಂದ ಈ ತಂಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದೋಕೆ ಶುರು ಮಾಡಿದೆ. ಈ ಕಪ್ ನಿಜಕ್ಕೂ 2020ರಲ್ಲಿ ಆಗಬೇಕಿತ್ತು. ಕೊರೊನಾ ಬಂತು, 2021ಕ್ಕೆ ಹೋಯ್ತು. ಆಮೇಲೆ 2020ರ ನವೆಂಬರ್‌ನಲ್ಲಿ ಫಿಫಾ ಅದನ್ನೂ ರದ್ದು ಮಾಡಿ, 2022ರ ಕಪ್ಪನ್ನು ಭಾರತಕ್ಕೆ ಕೊಟ್ಟಿತು. ದೇಶಕ್ಕೆ ನಷ್ಟ ಇಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ವಯಸ್ಸಿನ ಲೆಕ್ಕ ನೋಡಿ. 2020ರ ಕಪ್‌ಗೆ 2003ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಆಡಬಹುದಿತ್ತು. 2022ರದ್ದಕ್ಕೆ 2005ರಿಂದ ಈಚಿನವರು. ಮಧ್ಯದ ಎರಡು ವರ್ಷದ ಹುಡುಗಿಯರು? ಕ್ಯಾಂಪಲ್ಲಿ ಬೆವರು ಸುರಿಸಿದ್ದರು, ಕೋಚ್ ಥಾಮಸ್ ಡೆನರ್ಬಿ ಕೈಕೆಳಗೆ ತಯಾರಾಗಿದ್ದರು. ಒಂದು ನಿಮಿಷವೂ ಆಡದೆ ವಿಶ್ವಕಪ್ ಅವರ ಪಾಲಿಗೆ ಮುಗಿದುಹೋಯ್ತು. ನೋಟಿಫಿಕೇಶನ್ ಮುಂದಕ್ಕೆ ಮುಂದಕ್ಕೆ ಹೋಗಿ ಏಜ್ ಲಿಮಿಟ್ ದಾಟಿಸಿಕೊಂಡವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಹೊಸ ತಂಡ. ಜಾರ್ಖಂಡ್‌ನಿಂದಲೇ ಆರು ಹುಡುಗಿಯರು, ಮಣಿಪುರದಿಂದ ಇನ್ನೊಂದಷ್ಟು. ಜಮ್‌ಶೆಡ್‌ಪುರದಲ್ಲಿ ಕ್ಯಾಂಪ್. ಜೂನ್‌ನಲ್ಲಿ ಇಟಲಿಗೆ ಹೋಗಿ ಆತಿಥೇಯರ ಹತ್ತಿರ 0-7ರಲ್ಲಿ ಸೋತು ಬಂದರು. ಅದೇ ಯುರೋಪ್ ಪ್ರವಾಸದ ಬೆನ್ನಲ್ಲೇ ಸಹಾಯಕ ಕೋಚ್ ಒಬ್ಬರನ್ನು ದುರ್ವರ್ತನೆಗಾಗಿ ಕೆಲಸದಿಂದ ತೆಗೆದರು. ಹದಿನಾರು ಹದಿನೇಳರ ಮಕ್ಕಳು ಇದನ್ನೂ ತಲೆಯಲ್ಲಿ ಹೊತ್ತುಕೊಂಡು ಆಡಬೇಕಿತ್ತು. ಆಗಸ್ಟ್ ಮಧ್ಯದಲ್ಲಿ ಫಿಫಾ ನಮ್ಮ ಫುಟ್‌ಬಾಲ್ ಫೆಡರೇಷನ್ನನ್ನೇ ಅಮಾನತು ಮಾಡಿತು. ಕಪ್ ನಮ್ಮಲ್ಲಿ ನಡೆಯುತ್ತೋ ಇಲ್ಲವೋ ಅನ್ನೋದೇ ಅನುಮಾನ ಆಯ್ತು. 26ನೇ ತಾರೀಕು ಅಮಾನತು ತೆಗೆದಾಗ ಪಂದ್ಯಕ್ಕೆ ಒಂದೂವರೆ ತಿಂಗಳು ಬಾಕಿ.

ಕ್ಯಾಪ್ಟನ್ ಅಷ್ಟಮ್ ಉರಾಂವ್ ಗುಮ್ಲಾ ಜಿಲ್ಲೆಯ ಹಳ್ಳಿಯವಳು. ಅವಳು ಕ್ಯಾಪ್ಟನ್ ಆದಳು ಅಂತ ಆಡಳಿತದವರು ಊರಿಗೆ ರಸ್ತೆ ಹಾಕಿಸಲು ಹೊರಟರು. ಆ ರಸ್ತೆ ಕೆಲಸದಲ್ಲಿ ಕೂಲಿ ಮಾಡಿದವರಲ್ಲಿ ಅವಳ ಅಪ್ಪ ಅಮ್ಮನೂ ಇದ್ದರು. ದಿನಕ್ಕೆ 250 ರೂಪಾಯಿ ಅಂತ ಪತ್ರಿಕೆಗಳು ಬರೆದವು. ಮಗಳ ಪಂದ್ಯ ನೋಡಲಿ ಅಂತ ಮನೆಗೆ ಟೀವಿಯನ್ನೂ ತಂದಿಟ್ಟರಂತೆ. ಆ ಟೀವಿಯನ್ನು ಹಾಫ್‌ಟೈಮ್‌ನಲ್ಲಿ ಯಾರೂ ಆರಿಸಿರಲಿಕ್ಕಿಲ್ಲ.

ಮೂರು ದಿನ ಬಿಟ್ಟು ಮೊರಾಕೊ ಜೊತೆ ಪಂದ್ಯ. ಈ ಸಲ ಪೂರ್ತಿ ನೋಡಿದೆ. ಹಾಫ್‌ಟೈಮ್ ತನಕ 0-0. ಕೈ ಬೆವರಿತ್ತು ನನಗೆ. ಸೆಕೆಂಡ್ ಹಾಫಲ್ಲಿ ಪೆನಾಲ್ಟಿ ಬಿತ್ತು, ಕೊನೆಗೆ 0-3. ಬ್ರೆಜಿಲ್ ಎದುರು 0-5. ಒಟ್ಟು ಮೂರು ಪಂದ್ಯ, ಹದಿನಾರು ಗೋಲ್ ಕೊಟ್ಟೆವು, ಒಂದೂ ಹೊಡೆಯಲಿಲ್ಲ. ಇದನ್ನು ಬಣ್ಣ ಹಚ್ಚಿ ಹೇಳೋ ಆಸೆ ನನಗಿಲ್ಲ. ಆತಿಥೇಯರು ಅನ್ನೋ ಕಾರಣಕ್ಕೆ ನೇರ ಪ್ರವೇಶ ಸಿಕ್ಕಿತ್ತು, ಆ ಮಟ್ಟಕ್ಕೆ ನಾವಿನ್ನೂ ಬಂದಿರಲಿಲ್ಲ, ಅಷ್ಟೇ. ನಮಗೆ ಎಂಟು ಹೊಡೆದ ಅಮೆರಿಕವೂ ಕ್ವಾರ್ಟರ್ ಫೈನಲ್‌ನಲ್ಲಿ ನೈಜೀರಿಯಾ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತು ಮನೆಗೆ ಹೋಯ್ತು. ನವಿ ಮುಂಬಯಿ ಫೈನಲ್‌ನಲ್ಲಿ ಸ್ಪೇನ್ ಗೆದ್ದದ್ದು ಕೊಲಂಬಿಯಾದವರು ತಮ್ಮದೇ ಗೋಲಿಗೆ ಹೊಡೆದುಕೊಂಡ ಒಂದು ಗೋಲ್‌ನಿಂದ.

ಈಗ ನನ್ನ ಕಥೆ.

ಒಂಬತ್ತನೇ ಕ್ಲಾಸಲ್ಲಿ ನಾನು ಗೋಲ್‌ಕೀಪರ್. ಕ್ಲಾಸಿಗೆಲ್ಲ ಎತ್ತರ ಅಂತ ನಿಲ್ಲಿಸಿದ್ದರು, ಬೇರೆ ಯಾವ ಅರ್ಹತೆಯೂ ಇರಲಿಲ್ಲ. ತಾಲ್ಲೂಕು ಮಟ್ಟದ ಪಂದ್ಯ, ಎದುರು ತಂಡದಲ್ಲಿ ನಿಜವಾಗಲೂ ಆಡೋ ಹುಡುಗಿಯರಿದ್ದರು. ಹಾಫ್‌ಟೈಮ್‌ಗೆ ಐದು ಗೋಲ್ ಬಿದ್ದಿತ್ತು. ಗೋಲ್‌ಪೋಸ್ಟ್ ಹಿಂದೆ ನಿಂತ ಹುಡುಗರು ಎಣಿಸ್ತಾ ಇದ್ದರು, ಜೋರಾಗಿ. ಗೋಲ್‌ಕೀಪರ್ ಕಷ್ಟ ಏನು ಗೊತ್ತಾ? ಬೇರೆಯವರು ತಪ್ಪು ಮಾಡಿದರೆ ಆಟ ಮುಂದಕ್ಕೆ ಹೋಗುತ್ತೆ. ನೀವು ಮಾಡಿದರೆ ಆಟ ನಿಲ್ಲುತ್ತೆ, ನೀವು ಹಿಂದಕ್ಕೆ ತಿರುಗಿ, ಬಗ್ಗಿ, ಬಲೆಯಿಂದ ಚೆಂಡು ತೆಗೆದು ಎಲ್ಲರ ಎದುರಿಗೆ ವಾಪಸ್ ಕೊಡಬೇಕು.

ನಾನು ಪಿ.ಟಿ. ಸರ್ ಹತ್ತಿರ ಹೋಗಿ "ಸಾರ್, ಕಾಲು ಉಳುಕಿದೆ" ಅಂದೆ. ಉಳುಕಿರಲಿಲ್ಲ.

ನನ್ನ ಗ್ಲೌಸ್ ಬಿಚ್ಚಿ ಇನ್ನೊಬ್ಬಳಿಗೆ ಕೊಟ್ಟರು. ಅವಳು ಗಿಡ್ಡಿ, ಗ್ಲೌಸ್ ಅವಳಿಗೆ ದೊಡ್ಡದಾಗ್ತಿತ್ತು. ನಾನು ಕುಂಟುವ ನಾಟಕ ಮಾಡುತ್ತಾ ಬಸ್ಸಿಗೆ ಹೋಗಿ ಕೂತೆ. ಸೆಕೆಂಡ್ ಹಾಫ್ ನೋಡಲಿಲ್ಲ. ಮತ್ತೆ ಗ್ರೌಂಡಿಗೂ ಇಳಿಯಲಿಲ್ಲ. ಮನೆಯಲ್ಲಿ ಅಮ್ಮ ಆ ಉಳುಕದ ಕಾಲಿಗೆ ಎರಡು ದಿನ ಎಣ್ಣೆ ತಿಕ್ಕಿದರು.

2025ರ ಆಗಸ್ಟ್ 10, ಭಾನುವಾರ. ಯಾಂಗೂನ್‌ನಲ್ಲಿ ನಮ್ಮ ಇಪ್ಪತ್ತರೊಳಗಿನ ಹುಡುಗಿಯರು ಮ್ಯಾನ್ಮಾರ್ ತಂಡವನ್ನು ಅದರ ನೆಲದಲ್ಲೇ 1-0ಯಲ್ಲಿ ಸೋಲಿಸಿದರು. ಪೂಜಾ 27ನೇ ನಿಮಿಷದಲ್ಲಿ ಹೊಡೆದ ಗೋಲ್, ಆಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಅದನ್ನು ಕಾಯ್ದುಕೊಂಡದ್ದು. 2006ರ ನಂತರ ಮೊದಲ ಸಲ ಏಷ್ಯನ್ ಕಪ್‌ಗೆ ಅರ್ಹತೆ. ಮೂರು ಪಂದ್ಯಗಳಲ್ಲಿ ಒಂದೂ ಗೋಲ್ ಬಿಟ್ಟುಕೊಟ್ಟಿಲ್ಲ. ಗೋಲ್‌ಕೀಪರ್ ಯಾರು ಅಂತ ನೋಡಿದೆ. ಮೊನಾಲಿಶಾ ದೇವಿ. ಭುವನೇಶ್ವರದ ತಂಡದ ಪಟ್ಟಿಯಲ್ಲೂ ಇದ್ದ ಹೆಸರು. ಕ್ಯಾಪ್ಟನ್ ಶುಭಾಂಗಿ ಸಿಂಗ್, ಅವಳೂ ಆ ಪಟ್ಟಿಯವಳೇ.

ಅದೇ ವರ್ಷದ ಅಕ್ಟೋಬರ್ 17ಕ್ಕೆ ಹದಿನೇಳರೊಳಗಿನವರ ಸರದಿ. ಬಿಶ್ಕೆಕ್‌ನಲ್ಲಿ ಉಜ್ಬೇಕಿಸ್ತಾನ ಎದುರು ಗೆಲ್ಲಲೇಬೇಕಿತ್ತು, ಮೊದಲ ಗೋಲ್ ಬಿದ್ದದ್ದು ನಮಗೆ. ಬದಲಿ ಆಟಗಾರ್ತಿಯಾಗಿ ಬಂದ ಥಂಡಮಣಿ ಬಾಸ್ಕೆ ಒಂದು ಹೊಡೆದಳು, ಅನುಷ್ಕಾ ಕುಮಾರಿಗೆ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟಳು. 2-1. ಅವರೂ ಏಷ್ಯನ್ ಕಪ್‌ಗೆ. ಈ ಸಲ ಆತಿಥೇಯರು ಅಂತ ಯಾರೂ ಕೊಟ್ಟ ಜಾಗ ಅಲ್ಲ.

'ಬದಲಿಯಾಗಿ ಬಂದವಳು' ಅಂತ ಓದಿದಾಗ ದೊಡ್ಡ ಗ್ಲೌಸಿನ ಆ ಗಿಡ್ಡಿ ನೆನಪಾದಳು. ಸ್ಕೂಲ್ ವಾಟ್ಸಾಪ್ ಗ್ರೂಪಲ್ಲಿ ನಂಬರ್ ಇತ್ತು. ಈಗ ಊರಲ್ಲೇ ಟೀಚರ್. ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಕಾಲು ಉಳುಕಿರಲಿಲ್ಲ ಕಣೇ ಅಂದೆ.

"ಗೊತ್ತಿತ್ತು ಬಿಡೇ," ಅಂದಳು. "ಬಸ್ ಹತ್ತುವಾಗ ಬೇರೆ ಕಾಲಲ್ಲಿ ಕುಂಟುತಿದ್ದೆ."

ಸೆಕೆಂಡ್ ಹಾಫಲ್ಲಿ ಎಷ್ಟು ಬಿತ್ತು ಅಂತ ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ.

"ಒಂದೇ. ಲಾಸ್ಟಲ್ಲಿ ನಾವೂ ಒಂದು ಹೊಡೆದ್ವಿ. ಎಷ್ಟು ಕುಣಿದ್ವಿ ಅಂದ್ರೆ, ಆ ಕಡೆಯವರು ಇವರೇ ಗೆದ್ದರೇನೋ ಅಂತ ನೋಡ್ತಿದ್ರು. ನಿನಗೆ ಯಾರೂ ಹೇಳ್ಲೇ ಇಲ್ವಾ?"