ನೆಲ ಮುಟ್ಟದ ಗಾಲಿಗಳು

ಮೆಕ್ಕೆಜೋಳ ತುಂಬಿಕೊಳ್ಳಲು ಜಗಳೂರಿನ ಕಡೆಗೆ, ಅಡಿಕೆ ಹೇರಿಕೊಳ್ಳಲು ಚನ್ನಗಿರಿಯ ಕಡೆಗೆ ಬರಿದಾಗಿ ಸಾಗುವ ಕೆಲವು ದೊಡ್ಡ ಲಾರಿಗಳಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಒಂದು ಜೊತೆ ಗಾಲಿಗಳು ನೆಲವನ್ನು ಮುಟ್ಟದೆ ಮೇಲೆ ತೂಗುತ್ತಿರುತ್ತವೆ. ಇವು ಕೆಟ್ಟುಹೋದ ಗಾಲಿಗಳಲ್ಲ, ಬೇಕೆಂದೇ ಎತ್ತಿಟ್ಟವು.

ಎಂಜಿನ್ನಿನ ಬಲ ಹಿಂಭಾಗದ ಒಂದು ಅಚ್ಚಿಗೆ ಸಲ್ಲುತ್ತದೆ. ಅದರ ಹಿಂದೆ, ಭಾರವನ್ನಷ್ಟೇ ಹೊರುವ ಇನ್ನೊಂದು ಅಚ್ಚನ್ನು ಜೋಡಿಸಿದರೆ ಅದಕ್ಕೆ 'ಟ್ಯಾಗ್ ಆಕ್ಸಲ್' ಎಂದು ಹೆಸರು. ಪಾಶ್ಚಾತ್ಯ ದೇಶಗಳ ದೊಡ್ಡ ಮೋಟಾರುಮನೆಗಳಲ್ಲಿಯೂ, 2023ರಲ್ಲಿ ಕೆ.ಎಸ್.ಆರ್.ಟಿ.ಸಿ. ಓಡಿಸತೊಡಗಿದ 15 ಮೀಟರ್ ಉದ್ದದ 'ಅಂಬಾರಿ ಉತ್ಸವ' ಬಸ್ಸುಗಳಲ್ಲಿಯೂ ಇರುವುದು ಇದೇ. ಭಾರ ಹಂಚಿಹೋಗುವುದರಿಂದ ಹೆದ್ದಾರಿಯಲ್ಲಿ ಬಂಡಿ ಸ್ಥಿರವಾಗಿ ಓಡುತ್ತದೆ. ಅಡ್ಡಗಾಳಿಗೆ ಹಿಂಭಾಗ ತೊನೆಯುವುದು ಕಡಿಮೆ. ಒಂದು ಟೈರು ಒಡೆದರೂ ಆಸರೆ ಉಳಿದಿರುತ್ತದೆ.

ತಿರುವಿನಲ್ಲಿ ಮಾತ್ರ ಈ ಗುಣವೇ ದೋಷವಾಗುತ್ತದೆ. ಊರ ತೇರನ್ನು ರಥಬೀದಿಯ ಮೂಲೆಯಲ್ಲಿ ತಿರುಗಿಸುವುದು ಎಂತಹ ಪ್ರಯಾಸವೆಂಬುದನ್ನು ಎಲ್ಲರೂ ಬಲ್ಲರು. ಒಂದರ ಹಿಂದೊಂದು ನೆಟ್ಟಗೆ ನಿಂತ ಎರಡು ಅಚ್ಚುಗಳು ಒಂದೇ ಕೇಂದ್ರವನ್ನು ಸಲೀಸಾಗಿ ಸುತ್ತಲಾರವು. ಗಾಲಿಗಳು ಅಡ್ಡಕ್ಕೆ ಉಜ್ಜಿಕೊಂಡೇ ಸಾಗಬೇಕು. ಟೈರು ಸವೆಯುತ್ತದೆ, ತಿರುಗಲು ಹೆಚ್ಚು ಜಾಗ ಬೇಕಾಗುತ್ತದೆ. ಆದುದರಿಂದಲೇ ಕೆಲವು ಬಸ್ಸುಗಳಲ್ಲಿ ಈ ಗಾಲಿಗಳು ಮುಂದಿನ ಗಾಲಿಗಳಿಗೆ ಎದುರು ದಿಕ್ಕಿನಲ್ಲಿ ತಾವೂ ಹೊರಳುತ್ತವೆ. ಲಾರಿಗಳಲ್ಲಿ ಇವನ್ನು ಮೇಲಕ್ಕೆತ್ತುತ್ತಾರೆ. ಎತ್ತಿದಾಗ ಬಲ ಸಲ್ಲುವ ಗಾಲಿಗಳ ಮೇಲೆ ಭಾರ ಬಿದ್ದು ಕೆಸರಿನಲ್ಲಿಯೂ ಹಿಡಿತ ದೊರೆಯುತ್ತದೆ.

ಬರಿದಾದಾಗ ಎತ್ತುವುದು ಜಾಣತನ. ಟೈರು ಉಳಿಯಲೆಂದು ತುಂಬಿದ ಲಾರಿಯಲ್ಲಿಯೂ ಎತ್ತಿದರೆ ಅನಾಹುತ. 2018ರ ನಿಯಮದಂತೆ, ನಾಲ್ಕು ನಾಲ್ಕು ಟೈರುಗಳ ಜೋಡಿ ಅಚ್ಚು 21 ಟನ್ ಹೊರಬಹುದು. ಒಂಟಿ ಅಚ್ಚು 11.5 ಟನ್ ಮಾತ್ರ. ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದುಬಂದಂತೆ, ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟು. ಒಬ್ಬನಿಗೆ ಉಳಿದ ಟೈರಿನ ಬೆಲೆಯನ್ನು ಊರೆಲ್ಲ ತೆರಬೇಕಾಗುತ್ತದೆ.

ಹೊನ್ನಾಳಿ, ನ್ಯಾಮತಿಗಳಂತಹ ಪೇಟೆಗಳ ಇಕ್ಕಟ್ಟಾದ ತಿರುವುಗಳಲ್ಲಿ ನಡೆಯುವವರೂ ಒಂದನ್ನು ನೆನಪಿಡಬೇಕು. ಉದ್ದನೆಯ ಬಂಡಿ ಎಡಕ್ಕೆ ಹೊರಳಿದಾಗ ಅದರ ಹಿಂದಿನ ಗಾಲಿಗಳು ಎಡದ ಅಂಚಿಗೆ ಒತ್ತಿಬರುತ್ತವೆ. ಅವುಗಳಿಗೂ ಹಿಂದಕ್ಕೆ ಚಾಚಿದ ಬಾಲ ಬಲಕ್ಕೆ ಬೀಸುತ್ತದೆ. ಆ ಎಡದ ಸಂದಿಯಲ್ಲಿ ಸೈಕಲ್ಲು ನುಗ್ಗಿಸುವುದಾಗಲಿ, ಮಗುವಿನ ಕೈ ಹಿಡಿದು ಆ ಬಾಲದ ಬಳಿ ನಿಲ್ಲುವುದಾಗಲಿ ಸಲ್ಲದು. ಎರಡು ಮಾರು ಹಿಂದೆ ಸರಿದು ಕ್ಷಣಕಾಲ ಕಾದರೆ ಯಾರ ಗಂಟೂ ಹೋಗುವುದಿಲ್ಲ.