‘ಪರ್ಸ್ಪೆಕ್ಟಿವ್’ ಎಂಬ ನೆಪ

ಈಚೆಗೆ ನಮ್ಮ ಸಭೆಗಳಲ್ಲಿ ‘ನನ್ನ ಪರ್ಸ್ಪೆಕ್ಟಿವ್ ಬೇರೆ’ ಎಂದುಬಿಟ್ಟರೆ ವಾದ ಅಲ್ಲಿಗೆ ಮುಗಿಯಿತು. ಕಾರಣ ಕೊಡಬೇಕಾಗಿಲ್ಲ, ಕೇಳುವುದು ಸಭ್ಯತೆಯೂ ಅಲ್ಲ.

ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ‘ತೂರಿ ನೋಡು, ಚೆನ್ನಾಗಿ ನೋಡು’ ಎಂದರ್ಥ. ಚಿತ್ರಕಾರನಿಗಂತೂ ಅದು ಕಟ್ಟುನಿಟ್ಟಾದ ಲೆಕ್ಕ. ನೋಡುವ ಕಣ್ಣು ಎಲ್ಲಿದೆಯೆಂದು ಗೊತ್ತಾದ ಮೇಲೆ ಹತ್ತಿರದ ಮರ ಎಷ್ಟು ದೊಡ್ಡದು, ದೂರದ್ದು ಎಷ್ಟು ಚಿಕ್ಕದು ಎಂಬುದು ಅವನ ಇಷ್ಟಕ್ಕೆ ಬಿಟ್ಟದ್ದಲ್ಲ. ನಾವೋ ಆ ಲೆಕ್ಕವನ್ನು ಕೈಬಿಟ್ಟು, ಪದವನ್ನು ‘ನನಗೆ ಹಾಗನ್ನಿಸುತ್ತದೆ’ ಎಂಬಷ್ಟಕ್ಕೆ ಇಳಿಸಿದ್ದೇವೆ. ‘ದೃಷ್ಟಿಕೋನ’ವೆಂದು ಅನುವಾದಿಸಿದರೂ ರೋಗ ವಾಸಿಯಾಗಲಿಲ್ಲ.

ಕಿರುಗಾವಲಿನ ಭತ್ತವನ್ನೇ ತೆಗೆದುಕೊಳ್ಳಿ. ಮಳವಳ್ಳಿ ತಾಲ್ಲೂಕಿನ ಈ ಊರಿನಲ್ಲಿ ಸಯ್ಯದ್ ಘನಿ ಖಾನ್ ಎಂಬ ರೈತರು ನೂರಾರು ನಾಡತಳಿಗಳನ್ನು ಬಿತ್ತಿ ಬೆಳೆದು ಉಳಿಸಿದ್ದಾರೆ. ಎಕರೆಗೆ ಎಷ್ಟು ಮೂಟೆ ಎಂದು ನೋಡುವವರಿಗೆ ಗಿಡ್ಡ ತಳಿಯೇ ಮೇಲು; ಗೊಬ್ಬರ ಹೆಚ್ಚು ಉಂಡರೂ ಪೈರು ಸುಲಭವಾಗಿ ಮಲಗುವುದಿಲ್ಲ. ಕೊಟ್ಟಿಗೆಯಲ್ಲಿ ದನ ಕಟ್ಟಿದವನಿಗೆ ಎತ್ತರದ ಪೈರಿನ ಹುಲ್ಲು ಬೇಕು. ರಾಜಮುಡಿಯ ಕೆಂಪಕ್ಕಿ ಉಂಡು ಬಲ್ಲವನು ಮೂಟೆಯನ್ನಷ್ಟೇ ಎಣಿಸಿ ಸುಮ್ಮನಿರಲಾರ. ಈ ಒಂದೊಂದು ನೋಟಕ್ಕೂ ಕಾಲೂರಿದ ನೆಲವುಂಟು. ಆದ್ದರಿಂದಲೇ ಅವುಗಳೊಳಗೆ ವಾದ ಸಾಧ್ಯ: ಎಷ್ಟು ಮೂಟೆ, ಎಷ್ಟು ಹೊರೆ ಹುಲ್ಲು ಎಂದು ಕೇಳಬಹುದು, ಅಳೆಯಬಹುದು, ಸೋತರೆ ಒಪ್ಪಬಹುದು. ಮೈಕಿನ ಮುಂದೆ ‘ರೈತರ ಪರ್ಸ್ಪೆಕ್ಟಿವ್‌ನಿಂದ’ ಎಂದು ಮಾತು ತೆಗೆಯುವ ಮಹನೀಯರು ನಿಂತಿರುವುದೆಲ್ಲಿ? ಗದ್ದೆಯ ಬದುವಿನ ಮೇಲಂತೂ ಅಲ್ಲ. ಎಲ್ಲರ ಪರ್ಸ್ಪೆಕ್ಟಿವ್‌ಗೂ ಚಪ್ಪಾಳೆ ಬಿದ್ದು ಸಭೆ ಮುಗಿಯುತ್ತದೆ. ಬಿತ್ತದೆ ಹಾಳಾದ ಬೀಜ ಮರಳಿ ಬರುವುದಿಲ್ಲ.

‘ಸ್ಟ್ಯಾಂಡ್‌ಪಾಯಿಂಟ್’ ಎಂಬ ಪದಕ್ಕಾದರೂ ಕಾಲಿದೆ. ಜರ್ಮನ್ ಪದದ ಅಚ್ಚಿನಲ್ಲಿ ಎರಕಗೊಂಡ ಅದನ್ನು 19ನೆಯ ಶತಮಾನದ ಕೆಲವು ಇಂಗ್ಲಿಷು ಶುದ್ಧಿವಾದಿಗಳು ಹೀಗಳೆದಿದ್ದರು. ನನಗೇನೋ ಅದೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ನಮ್ಮ ‘ನಿಲುವು’ ಅದಕ್ಕೇನೂ ಕಡಿಮೆಯಲ್ಲ. ‘ನಿಮ್ಮ ನಿಲುವೇನು?’ ಎಂದು ಕೇಳಿದರೆ ನುಣುಚಿಕೊಳ್ಳುವುದು ಕಷ್ಟ; ಪದ ಬಳಕೆ ತಪ್ಪುತ್ತಿರುವುದೂ ಅದಕ್ಕೇ ಇರಬೇಕು.

ಹಲವು ನೋಟಗಳನ್ನು ಒಪ್ಪುವುದು ಔದಾರ್ಯವಲ್ಲವೆ ಎಂದು ಕೆಲವರು ಕೇಳಿಯಾರು. ಜೈನ ತಾರ್ಕಿಕರು ಒಂದೊಂದು ನೋಟವನ್ನೂ ‘ನಯ’ವೆಂದು ಕರೆದರು, ಅದು ಸತ್ಯದ ಒಂದಂಶ ಮಾತ್ರ, ಅದೇ ಪೂರ್ಣವೆಂದು ಹಟ ಹಿಡಿದರೆ ದುರ್ನಯ. ಇಷ್ಟು ಒಪ್ಪಿಯೂ ಅವರು ವಾದ ಮಾಡುವುದನ್ನು ಬಿಡಲಿಲ್ಲ. ಯಾವ ನಯ, ಎಷ್ಟರಮಟ್ಟಿಗೆ ಎಂದು ಎಳೆಎಳೆಯಾಗಿ ಬಿಡಿಸಿದರು. ನಮ್ಮ ಸಭೆಗಳಲ್ಲಿರುವುದು ಆ ಔದಾರ್ಯವಲ್ಲ, ಕಾಫಿ ಬರುವ ಹೊತ್ತಿಗೆ ಜಗಳ ಬೇಡವೆಂಬ ಸೌಕರ್ಯ.